ಕರಿಮೆಣಸು ಕೊಟ್ಟರೆ ಹಡಗು: ಜಪಾನಿನ ಆಟವೊಂದರ ಮೊದಲ ಗಂಟೆಗಳು

‘ಡ್ರಾಗನ್ ಕ್ವೆಸ್ಟ್ 3’ ಆಡಲು ಕೂತವರಿಗೆ ಮೊದಲು ಎದುರಾಗುವುದು ಯುದ್ಧವಲ್ಲ, ಪ್ರಶ್ನೆ. 1988ರಲ್ಲಿ ಜಪಾನಿನಲ್ಲಿ ಹುಟ್ಟಿ, 2024ರ ನವೆಂಬರ್ 14ರಂದು ಹೊಸ ರೂಪದಲ್ಲಿ ಮತ್ತೆ ಬಂದ ಈ ವಿಡಿಯೊ ಗೇಮ್ ಈಗ ತೆರೆದುಕೊಳ್ಳುವುದು ಕಾಡಿನ ನಡುವಿನ ಒಂದು ಜಲಪಾತದ ಬಳಿ. ಕಾಣದ ದನಿಯೊಂದು ಹೆಸರು ಹಿಡಿದು ಕರೆಯುತ್ತದೆ, ಆಡುವವರ ಸ್ವಭಾವ ಎಂಥದ್ದೆಂದು ಅಳೆಯಲು ಒಂದರ ಹಿಂದೊಂದು ಪ್ರಶ್ನೆ ಹಾಕುತ್ತದೆ. ಅದು ಮುಗಿದ ಮೇಲೆ ಅಮ್ಮ ಬಂದು ಎಬ್ಬಿಸುತ್ತಾಳೆ. ಆ ದಿನ ಹದಿನಾರನೆಯ ಹುಟ್ಟುಹಬ್ಬ. ಬಾರಾಮೊಸ್ ಎಂಬ ದುಷ್ಟನನ್ನು ಕೊಲ್ಲಲು ಹೊರಟ ಅಪ್ಪ ಒರ್ಟೆಗ ಹಿಂದಿರುಗಿ ಬಂದಿಲ್ಲ. ಈಗ ಮಗನೋ ಮಗಳೋ ಆ ಕೆಲಸಕ್ಕೆ ಹೊರಡಬೇಕು. ಅಮ್ಮನೇ ಅರಮನೆಯ ಬಾಗಿಲವರೆಗೆ ಕರೆದೊಯ್ದು ಬಿಡುತ್ತಾಳೆ. ರಾಜ ಹರಸಿ ಕೊಡುವುದು ಒಂದಿಷ್ಟು ಸಾಧಾರಣ ಆಯುಧ ಮತ್ತು ಅಲ್ಪ ಹಣ. 1988ರ ಮೂಲ ಆಟದಲ್ಲಿ ಅದು ಬರೀ 50 ಚಿನ್ನದ ನಾಣ್ಯ. ಅಲ್ಲಿಂದ ಊರಿನ ಹೆಂಡದಂಗಡಿಗೆ ಹೋಗಿ ಜೊತೆಗಾರರನ್ನು ಗೊತ್ತುಮಾಡಿಕೊಳ್ಳಬೇಕು, ಅಂಗಡಿಬೀದಿಯಲ್ಲಿ ಬೇಕಾದ್ದನ್ನು ಕೊಳ್ಳಬೇಕು, ಸಿಕ್ಕವರ ಬಳಿ ಮಾತಾಡಿ ಸುದ್ದಿ ಕೇಳಬೇಕು. ಊರ ಹೊರಗೆ ಕಾಲಿಟ್ಟಾಗ ಎದುರಾಗುವ ಮೊದಲ ವೈರಿಯೂ ನಗುಮೊಗದ ನೀಲಿ ನೀರಹನಿಯಂಥ ಸ್ಲೈಮ್, ನೋಡಿದರೆ ಮುದ್ದು ಬರುವಂಥದ್ದು.

ಹತ್ತು ನಿಮಿಷಕ್ಕೆ, ಹೆಚ್ಚೆಂದರೆ ಅರ್ಧ ಗಂಟೆಗೆ ಒಂದು ಆಟ ಮುಗಿಯುವ ಫ್ರೀ ಫೈರ್, ಬಿಜಿಎಂಐಗಳಲ್ಲಿ ಬೆರಳು ಪಳಗಿಸಿಕೊಂಡ ಹುಡುಗರಿಗೆ ಈ ಆರಂಭ ಸಪ್ಪೆ ಎನಿಸುತ್ತದೆ. ಹೊಸೂರಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು ಒಂದು ಗಂಟೆ ಬಿಡುವು ಮಾಡಿಕೊಂಡವನಿಗೂ ಹಾಗೇ ಅನ್ನಿಸೀತು. ಜಪಾನಿನ ಕಲ್ಪನಾಲೋಕದ ರೋಲ್ ಪ್ಲೇಯಿಂಗ್ ಗೇಮ್‌ಗಳ, ಅಂದರೆ ಪಾತ್ರ ವಹಿಸಿ ಆಡುವ ಕಥನದ ಆಟಗಳ ಮೇಲೆ ಹೊಸಬರು ಹೊರಿಸುವ ದೂರು ಎಲ್ಲ ಕಡೆಯೂ ಇದೇ: ನಿಧಾನ, ಮಕ್ಕಳಾಟ, ಮಾತು ಹೆಚ್ಚು, ಕೆಲಸ ಕಡಿಮೆ. ಈ ದೂರು ಸುಳ್ಳಲ್ಲ, ಆದರೆ ಅಳತೆಗೋಲು ತಪ್ಪು. ಸಿನಿಮಾದ ಮೊದಲ ದೃಶ್ಯವನ್ನೋ ಫೋನಿನ ಆಟದ ಮೊದಲ ಗುಂಡನ್ನೋ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಅಳೆಯುವುದು ಸರಿಯಲ್ಲ. ಇವು ಇರುಳೆಲ್ಲ ನಡೆಯುವ ಆಟದ ಜಾತಿಗೆ ಸೇರಿದವು. ಅಂಥ ಆಟವನ್ನು ಅಳೆಯುವ ಕೋಲು ಮತ್ತಿಗಿರಿಯ ಸುತ್ತಮುತ್ತಲ ಕನ್ನಡಿಗರ ಬಳಿ ಮೊದಲಿನಿಂದಲೂ ಇದೆ.

ಹೊಸೂರಿಗೆ ಅಂಟಿಕೊಂಡ ಮತ್ತಿಗಿರಿಯಿಂದ ಡೆಂಕಣಿಕೋಟೆ, ಕೆಲಮಂಗಲ, ತಳಿಗಳ ಕಡೆ ಹರಡಿದ ಸೀಮೆ ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ನೆಲ. ಇಲ್ಲಿನ ಆಟಗಳೂ ಹಾಗೆಯೇ. ಪಡುವಣದಲ್ಲಿ ಆನೇಕಲ್ ದಾಟಿದರೆ ಮೂಡಲಪಾಯ ಬಯಲಾಟದ ನಾಡು, ದಕ್ಷಿಣಕ್ಕೆ ತಮಿಳಿನ ತೆರುಕೂತ್ತು, ಮೂಡಣಕ್ಕೆ ಚಿತ್ತೂರು ಸೀಮೆಯ ತೆಲುಗು ವೀಧಿನಾಟಕ. ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ದ್ರೌಪದಮ್ಮನ ಗುಡಿಗಳಲ್ಲಿ ಮಹಾಭಾರತದ ಉತ್ಸವ ನಡೆಯುವಾಗ ಹಗಲು ಕಥಾಕಾಲಕ್ಷೇಪ, ರಾತ್ರಿ ಕೂತ್ತು. ಹೀಗೆ ಹಲವು ದಿನ, ಎಷ್ಟೋ ಕಡೆ ಹದಿನೆಂಟು ದಿನ ಕಥೆ ಸಾಗುತ್ತದೆ. ಅರ್ಜುನನ ವೇಷಧಾರಿ ತಪಸ್ಸಿಗೆಂದು ಎತ್ತರದ ಕಂಬ ಹತ್ತುವ ದಿನ ಬೇರೆ. ಮಣ್ಣಿನಲ್ಲಿ ನೆಲಕ್ಕೆ ಮಲಗಿಸಿ ಮಾಡಿದ ದೈತ್ಯ ದುರ್ಯೋಧನನ ತೊಡೆಯನ್ನು ಭೀಮನ ವೇಷಧಾರಿ ಮುರಿಯುವ ದಿನ ಬೇರೆ. ಮೊದಲ ದಿನವೇ ದುರ್ಯೋಧನ ಬೀಳಲಿಲ್ಲವೆಂದು ಯಾರೂ ಎದ್ದು ಹೋಗುವುದಿಲ್ಲ. ಮೂಡಲಪಾಯದಲ್ಲೂ ಗಣಪತಿ ಸ್ತುತಿ, ಬಾಲಗೋಪಾಲರ ಕುಣಿತ ಎಲ್ಲ ಆದ ಮೇಲೆಯೇ ಮುಖ್ಯ ವೇಷ. ಆ ವೇಷವೂ ನೇರವಾಗಿ ಕಥೆಗೆ ನುಗ್ಗುವುದಿಲ್ಲ. ಕುಣಿಯುತ್ತ ಬಂದ ರಾಜನನ್ನು ಸಾರಥಿ ತಡೆದು ನಿಲ್ಲಿಸಿ ತಾವು ಯಾರು, ಯಾವ ಊರು, ಬಂದ ಕಾರ್ಯವೇನು ಎಂದು ವಿಚಾರಿಸುತ್ತಾನೆ. ರಾಜ ತನ್ನ ಹೆಸರು, ವಂಶ, ಪರಾಕ್ರಮ ಎಲ್ಲವನ್ನೂ ತಾನೇ ಹೇಳಿಕೊಳ್ಳಬೇಕು. ಅಷ್ಟು ಹೊತ್ತು ಬಣ್ಣ ಹಚ್ಚಿದ ಊರಿನ ರೈತನಾಗಿದ್ದವನು ಆ ಪ್ರಶ್ನೋತ್ತರದ ನಂತರವೇ ನೋಡುವವರ ಕಣ್ಣಿಗೂ ತನ್ನ ಮನಸ್ಸಿಗೂ ರಾಜನಾಗುವುದು. ಜಲಪಾತದ ಬಳಿಯ ದನಿ ಮಾಡುವುದು ಸಾರಥಿಯ ಇದೇ ಕೆಲಸವನ್ನು.

ಈ ನಿಧಾನ ಜಪಾನಿನವರಿಗೆ ತಿಳಿಯದೆ ಆದ ದೋಷವಲ್ಲ, ಯೋಚಿಸಿ ಮಾಡಿದ್ದು. ಪಾತ್ರ ವಹಿಸುವ ಆಟದ ಮೂಲ ಅಮೆರಿಕದಲ್ಲಿದೆ. 1974ರಲ್ಲಿ ಬಂದ ‘ಡಂಜನ್ಸ್ ಆಂಡ್ ಡ್ರಾಗನ್ಸ್’ ಮೇಜಿನ ಸುತ್ತ ಕೂತು ದಾಳ ಉರುಳಿಸಿ ಆಡುವ ಆಟ. ಅದನ್ನು ಕಂಪ್ಯೂಟರಿಗೆ ತಂದ ‘ಅಲ್ಟಿಮಾ’, ‘ವಿಝರ್ಡ್ರಿ’ಗಳು 1981ರವು. ಅವು ಪುಸ್ತಕದಂಥ ಕೈಪಿಡಿ ಓದಿಕೊಂಡು, ಕಾಗದದ ಮೇಲೆ ನಕ್ಷೆ ಬರೆದುಕೊಂಡು ಆಡುವ ಕಷ್ಟದ ಆಟಗಳು. ಹುಡುಗರ ವಾರಪತ್ರಿಕೆಗೆ ಬರೆಯುತ್ತಿದ್ದ ಯೂಜಿ ಹೊರಿಯಿಗೆ ಅವು ಹಿಡಿಸಿದವು. ಆದರೆ ಕೀಲಿಮಣೆಯಿಲ್ಲದ, ನಾಲ್ಕಾರು ಗುಂಡಿಗಳಷ್ಟೇ ಇರುವ ನಿಂಟೆಂಡೊ ಫ್ಯಾಮಿಕಾಮ್ ಪೆಟ್ಟಿಗೆಯಲ್ಲಿ, ಹಿಂದೆಂದೂ ಇಂಥದ್ದನ್ನು ಕಾಣದ ಮಕ್ಕಳ ಕೈಗೆ ಅದನ್ನು ಒಗ್ಗಿಸುವುದು ಹೇಗೆ? 1986ರ ಮೇ 27ರಂದು ಎನಿಕ್ಸ್ ಕಂಪನಿ ಹೊರತಂದ ಮೊದಲ ‘ಡ್ರಾಗನ್ ಕ್ವೆಸ್ಟ್’ನ ಮೊದಲ ಕೋಣೆಯಲ್ಲೇ ಅವನ ಉತ್ತರವಿದೆ. ಆಟಗಾರ ನಿಂತಿರುವುದು ರಾಜನ ಸಭೆಯಲ್ಲಿ. ಬಾಗಿಲಿಗೆ ಬೀಗ. ಹೊರಗೆ ಹೋಗಬೇಕಾದರೆ ಅಲ್ಲಿರುವ ಪೆಟ್ಟಿಗೆ ತೆರೆದು ಕೀಲಿಕೈ ತೆಗೆದುಕೊಳ್ಳಬೇಕು, ಬೀಗ ತೆಗೆಯಬೇಕು, ಮೆಟ್ಟಿಲಿಳಿಯಬೇಕು. ಮಾತಾಡುವುದು, ಹುಡುಕುವುದು, ತೆರೆಯುವುದು, ಇಳಿಯುವುದು: ಮುಂದೆ ಇಡೀ ಆಟದಲ್ಲಿ ಮಾಡಬೇಕಾದ ಕೆಲಸಗಳನ್ನೆಲ್ಲ ಆ ಒಂದು ಕೋಣೆ ಕಲಿಸಿಬಿಡುತ್ತದೆ. ಇಷ್ಟೆಲ್ಲ ಅಡಗಿದ್ದು 64 ಕಿಲೋಬೈಟಿನಲ್ಲಿ. ಜಾಗ ಸಾಲದೆ ಜಪಾನಿ ಲಿಪಿಯ ಕೆಲವು ಅಕ್ಷರಗಳನ್ನೇ ಕೈಬಿಟ್ಟು, ಉಳಿದವುಗಳಲ್ಲಿ ಬರೆಯಲಾಗುವ ಹೆಸರುಗಳನ್ನೇ ಇಟ್ಟರು. ಇಂಥ ಬಿಗಿಯಲ್ಲಿ ಕೆಲಸ ಮಾಡುವವನು ಮೊದಲ ಕೋಣೆಯನ್ನು ಸುಮ್ಮನೆ ಕಾಲ ಕಳೆಯಲು ಇಡುವುದಿಲ್ಲ.

ಮೂರನೆಯ ಆಟದ ಹೊತ್ತಿಗೆ ಜಾಗ ಸ್ವಲ್ಪ ಹೆಚ್ಚಿತು, ಕಥೆಯ ಆಸೆ ಅದಕ್ಕಿಂತ ಹೆಚ್ಚಿತು. ಕೊನೆಗೆ ಆಟದ ಹೆಸರನ್ನು ಅಂದವಾಗಿ ತೋರಿಸುವ ಆರಂಭದ ಪರದೆಯನ್ನೇ ತೆಗೆದುಹಾಕಿದರು. 1988ರ ಫೆಬ್ರವರಿ 10ರಂದು ಅಂಗಡಿಗಳ ಮುಂದೆ ಸಾಲುಗಟ್ಟಿ ಕೊಂಡುಹೋದ ಮಕ್ಕಳಿಗೆ ಕಂಡದ್ದು ಸಂಗೀತವೂ ಇಲ್ಲದ ಕಪ್ಪು ಪರದೆ, ಅದರ ಮೇಲೆ ಒಂದಷ್ಟು ಅಕ್ಷರ. ಮೊದಲ ನೋಟಕ್ಕೆ ಇದಕ್ಕಿಂತ ಬಡವಾದ ಆರಂಭ ಇರಲಾರದು. ಆದರೂ ಅದು ಮೊದಲ ದಿನವೇ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಶಾಲೆಗೆ ಚಕ್ಕರ್ ಹೊಡೆದ ನೂರಾರು ಮಕ್ಕಳನ್ನು ಪೊಲೀಸರು ಹಿಡಿದದ್ದು ಸುದ್ದಿಯಾಯಿತು. ವಾರದ ದಿನಗಳಲ್ಲಿ ಈ ಆಟ ಬಿಡುಗಡೆ ಮಾಡಬಾರದೆಂದು ಜಪಾನಿನಲ್ಲಿ ಕಾನೂನೇ ಬಂತೆನ್ನುವುದು ಕಟ್ಟುಕತೆ. ಆದರೆ ನಂತರದ ಹಲವು ಆಟಗಳು ಶನಿವಾರವೋ ಭಾನುವಾರವೋ ಬಂದದ್ದು ನಿಜ.

ಕನ್ನಡ ಓದುಗರಿಗೆ ಪಾತ್ರ ವಹಿಸುವುದರ ರುಚಿ ವಿವರಿಸಬೇಕಾಗಿಲ್ಲ. ಹಳೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ‘ಕುರುಕ್ಷೇತ್ರ’ ಪೌರಾಣಿಕ ನಾಟಕ ಆಡುವವರು ವೃತ್ತಿನಟರಲ್ಲ. ರೈತರು, ಚಾಲಕರು, ಅಂಗಡಿಯವರು, ಸರ್ಕಾರಿ ನೌಕರರು. ಇವರು ಹಣ ಪಡೆದು ಪಾತ್ರ ಮಾಡುವುದಿಲ್ಲ, ಹಣ ಕೊಟ್ಟು ಮಾಡುತ್ತಾರೆ. ದುರ್ಯೋಧನ, ಕೃಷ್ಣ, ಭೀಮರ ಪಾತ್ರಕ್ಕೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ. ಬೇಡಿಕೆ ಹೆಚ್ಚಾದರೆ ಒಂದನೆಯ ಕೃಷ್ಣ, ಎರಡನೆಯ ಕೃಷ್ಣ ಎಂದು ಪಾತ್ರವನ್ನೇ ಹಂಚಿಕೊಳ್ಳುತ್ತಾರೆ. ಹಾರ್ಮೋನಿಯಂ ಮೇಷ್ಟ್ರ ಕೈಕೆಳಗೆ ತಿಂಗಳುಗಟ್ಟಲೆ ತಾಲೀಮು ನಡೆಸಿ, ಒಂದು ರಾತ್ರಿ ಬಾಡಿಗೆ ಸೀನರಿಯ ಮುಂದೆ ಕಿರೀಟ ತೊಟ್ಟು ನಿಲ್ಲುತ್ತಾರೆ. ಆ ಒಂದು ರಾತ್ರಿಗೆ ಇಷ್ಟು ಖರ್ಚು, ಇಷ್ಟು ಸಮಯವೇ ಎಂದು ಹೊರಗಿನವರು ಕೇಳಬಹುದು. ಪಾತ್ರ ಹಾಕಿದವನು ಕೇಳುವುದಿಲ್ಲ, ಏಕೆಂದರೆ ಅವನಿಗೆ ತಾಲೀಮೂ ನಾಟಕವೇ. ‘ಡ್ರಾಗನ್ ಕ್ವೆಸ್ಟ್ 3’ ಪ್ರೇಕ್ಷಕನನ್ನು ಎತ್ತಿ ಈ ಜಾಗದಲ್ಲಿ ಕೂರಿಸುತ್ತದೆ. ಹೆಂಡದಂಗಡಿಯಲ್ಲಿ ಸೈನಿಕ, ಅರ್ಚಕ, ಮಾಂತ್ರಿಕ, ವರ್ತಕ ಮೊದಲಾದವರು ಸಿಗುತ್ತಾರೆ. ನಾಲ್ವರ ತಂಡದಲ್ಲಿ ಯಾರಿರಬೇಕು, ಅವರ ಹೆಸರೇನು ಎಂಬುದೆಲ್ಲ ಆಡುವವರ ಇಷ್ಟ. ಇವರಿಗೆ ಸಿದ್ಧ ಚರಿತ್ರೆಯಿಲ್ಲ, ಮಾತೂ ಕಡಿಮೆ. ಆ ಖಾಲಿ ಜಾಗವನ್ನು ತುಂಬುವುದು ಆಡುವವರ ಕಲ್ಪನೆ. ನಾಲ್ಕು ಹೆಸರು ಕೊಟ್ಟು ನಾಲ್ಕಾರು ಗಂಟೆ ಒಟ್ಟಿಗೆ ಅಲೆದ ಮೇಲೆ ಅರ್ಚಕ ಸತ್ತು ಶವಪೆಟ್ಟಿಗೆ ಹಿಂದೆ ಎಳೆದುಕೊಂಡು ಬಂದರೆ ಮನಸ್ಸಿಗೆ ನಾಟುತ್ತದೆ. ಆ ನಾಲ್ಕಾರು ಗಂಟೆಗಳಿಲ್ಲದೆ ನಾಟುವುದಿಲ್ಲ.

ಆ ಅಂಗಡಿಯಲ್ಲಿ ಕೋಡಂಗಿಯೂ ಒಬ್ಬ ಇರುತ್ತಾನೆ. ಯುದ್ಧದ ನಡುವೆ ಹೇಳಿದ ಮಾತು ಕೇಳದೆ ಕುಣಿಯುತ್ತಾನೆ, ಹಾಸ್ಯ ಮಾಡುತ್ತಾನೆ, ಎಡವಿ ಬೀಳುತ್ತಾನೆ. ಮೊದಲ ಗಂಟೆಯಲ್ಲಿ ಇವನನ್ನು ಕಟ್ಟಿಕೊಂಡವರಿಗೆ ನಷ್ಟವೇ. ಮುಂದೆ ದೂರದ ಬೆಟ್ಟಗಾಡಿನಲ್ಲಿ ಒಂದು ಗುಡಿ ಬರುತ್ತದೆ, ಜಪಾನಿಯಲ್ಲಿ ಅದರ ಹೆಸರು ದಾಮ. ಇಪ್ಪತ್ತನೆಯ ಹಂತ ಮುಟ್ಟಿದವರು ಅಲ್ಲಿ ತಮ್ಮ ವೃತ್ತಿ ಬದಲಿಸಬಹುದು. ಬದಲಿಸಿದರೆ ಮತ್ತೆ ಒಂದನೆಯ ಹಂತದಿಂದ ಶುರು, ಗಳಿಸಿದ ಬಲದಲ್ಲಿ ಅರ್ಧ ಹೋಗುತ್ತದೆ. ಎಲ್ಲ ಮಂತ್ರವಿದ್ಯೆಯೂ ಒಲಿಯುವ ಜ್ಞಾನಿಯಾಗಲು ಉಳಿದವರಿಗೆಲ್ಲ ಅರಿವಿನ ಒಂದು ಗ್ರಂಥ ಬೇಕು. ಕೋಡಂಗಿಗೆ ಮಾತ್ರ ಬೇಡ, ಅವನು ಹಾಗೆಯೇ ಜ್ಞಾನಿಯಾಗಬಲ್ಲ. ಈ ಒಂದು ನಿಯಮದಲ್ಲಿ ಇಡೀ ಆಟದ ಮನಸ್ಸು ಕಾಣುತ್ತದೆ. ಮೂಡಲಪಾಯದ ಹನುಮನಾಯಕನನ್ನೂ ಕೂತ್ತಿನ ಕಟ್ಟಿಯಕ್ಕಾರನನ್ನೂ ಬಲ್ಲವರಿಗೆ ಇದು ವಿಚಿತ್ರವೆನಿಸದು; ರಾಜರ ಗುಟ್ಟು, ಕಥೆಯ ಎಳೆ ಎಲ್ಲ ಗೊತ್ತಿರುವುದು ಆ ವಿದೂಷಕನಿಗೇ.

ಈಗ ಆಟದಲ್ಲಿ ಬರುವ ಬಹಾರಾತ ಎಂಬ ಊರಿನ ವಿಷಯಕ್ಕೆ ಬರಬೇಕು. ಇದು ಕನ್ನಡಿಗರು ಈ ಆಟದಲ್ಲಿ ತಾಳ್ಮೆಯಿಂದ ಮುಂದೆ ಹೋಗಲು ನನಗೆ ಕಾಣುವ ಅತ್ಯುತ್ತಮ ಕಾರಣ. ಡ್ರಾಗನ್, ಕೋಟೆ, ರಾಜ ಎಂದಾಗ ಎಲ್ಲ ಯುರೋಪಿನ ಮಧ್ಯಯುಗವೇ ಇರಬೇಕೆನಿಸುತ್ತದೆ. ಆದರೆ ‘ಡ್ರಾಗನ್ ಕ್ವೆಸ್ಟ್ 3’ರ ಭೂಪಟ ನಮ್ಮ ಭೂಮಿಯ ನಕ್ಷೆಯನ್ನೇ ಹೋಲುತ್ತದೆ. ರೋಮಿನ ಜಾಗದಲ್ಲಿ ರೊಮಾಲಿ, ಈಜಿಪ್ಟಿನ ಜಾಗದಲ್ಲಿ ಇಸಿಸ್, ಜಪಾನಿನ ಜಾಗದಲ್ಲಿ ಜಿಪಾಂಗ್, ಪೋರ್ಚುಗಲ್ ಇರಬೇಕಾದಲ್ಲಿ ಪೋರ್ಟೊಗ. ಆ ಪೋರ್ಟೊಗದ ರಾಜನಿಗೆ ಕರಿಮೆಣಸಿನ ಹಂಬಲ. ಮೂಡಣ ದೇಶಕ್ಕೆ ಹೋಗಿ ಕರಿಮೆಣಸು ತಂದುಕೊಟ್ಟರೆ ಒಂದು ಹಡಗನ್ನೇ ಕೊಡುವುದಾಗಿ ಹೇಳಿ, ದಾರಿ ಬಿಡಿಸಿಕೊಳ್ಳಲು ಪತ್ರವನ್ನೂ ಕೊಡುತ್ತಾನೆ. ಬೆಟ್ಟದೊಳಗಿನ ಹಾದಿ ದಾಟಿ ಮೂಡಣಕ್ಕೆ ಹೋದರೆ ನದಿಯ ದಂಡೆಯಲ್ಲಿ ಸಿಗುವ ಊರು ಬಹಾರಾತ. ನದಿಯ ನೀರು ಪವಿತ್ರವೆಂದು ಊರವರು ನಂಬುತ್ತಾರೆ. ಮೆಣಸು ಮಾರುವ ಅಂಗಡಿಯ ಅಜ್ಜನ ಮೊಮ್ಮಗಳು ತಾನಿಯಾಳನ್ನು ಕಳ್ಳರು ಹೊತ್ತೊಯ್ದಿದ್ದಾರೆ. ಬಿಡಿಸಲು ಹೋದ ಅವಳ ನಲ್ಲ ಗುಪ್ತನೂ ಸೆರೆಯಾಗುತ್ತಾನೆ. ಇಬ್ಬರನ್ನೂ ಬಿಡಿಸಿ ತಂದರೆ ಕರಿಮೆಣಸು, ಅದನ್ನು ಒಯ್ದು ಕೊಟ್ಟರೆ ಹಡಗು. ಕಳ್ಳರ ನಾಯಕನ ಹೆಸರು ಕಂದತ. ಅಕುತಗಾವ ರ್ಯುನೊಸುಕೆ 1918ರಲ್ಲಿ ಬರೆದ ‘ಜೇಡರ ದಾರ’ ಎಂಬ ಕಥೆಯಲ್ಲಿ, ಬುದ್ಧ ಇಳಿಬಿಟ್ಟ ಒಂದೆಳೆ ಹಿಡಿದು ನರಕದಿಂದ ಮೇಲೇರಲು ಹೊರಡುವ ಕಳ್ಳನಿಗೂ ಇದೇ ಹೆಸರು.

ಇತಿಹಾಸ ತಿಳಿದವರಿಗೆ ಇದರ ಹಿಂದಿರುವುದು ಏನೆಂದು ಹೇಳಬೇಕಿಲ್ಲ. 1498ರಲ್ಲಿ ವಾಸ್ಕೊ ಡ ಗಾಮ ಕೋಯಿಕ್ಕೋಡಿನ ಕಡಲತೀರ ಮುಟ್ಟಿದ್ದು ಈ ಮೆಣಸಿಗಾಗಿ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದೂ ಇದೇ ವ್ಯಾಪಾರದಿಂದ. ಜಪಾನಿನ ಹತ್ತು ವರ್ಷದ ಹುಡುಗನೊಬ್ಬ 1988ರಲ್ಲಿ ಪಾಠಪುಸ್ತಕದ ಹಂಗಿಲ್ಲದೆ, ಮೆಣಸಿಗೆ ಹಡಗಿನ ಬೆಲೆ ಇತ್ತೆಂಬುದನ್ನು ಆಡುತ್ತ ಕಲಿತ. ಮೆಣಸು ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು, ಯಾರಿಗೆ ಅದು ಬೇಕಿತ್ತು ಎಂಬುದು ಅವನ ಕಾಲಿಗೇ ತಿಳಿಯಿತು, ಏಕೆಂದರೆ ಆ ದಾರಿಯನ್ನು ಅವನೇ ಅಳೆದಿದ್ದ. ಮೆಣಸು ಬೆಳೆದವರ ನಾಡಿನಲ್ಲಿ ಕೂತ ನಾವು ಈ ಕಥೆಯನ್ನು ಆಟವಾಗಿ ಕಟ್ಟಲಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ಒಂದು ಪುಣ್ಯನದಿ, ಒಂದು ಮೆಣಸಿನಂಗಡಿ, ಗುಪ್ತ ಎಂಬ ಒಂದು ಹೆಸರು, ಭಾರತವೆಂದರೆ ಇಷ್ಟೆಯೇ? ಇದು ಮೇಲುಮೇಲಿನ ಭಾರತ, ಸಂಶಯವಿಲ್ಲ. ಹೊತ್ತೊಯ್ದ ಹುಡುಗಿಯನ್ನು ಬಿಡಿಸಿ ತರುವ ಪ್ರಸಂಗವೂ ಸವೆದ ದಾರಿ. ಹೆಣ್ಣು ಸೈನಿಕರಿಗೆ ತೊಡಿಸಿದ ಉಡುಪಂತೂ ರಣರಂಗಕ್ಕೆ ಸಲ್ಲುವಂಥದ್ದಾಗಿರಲಿಲ್ಲ. 2024ರ ರೂಪದಲ್ಲಿ ಅದನ್ನು ಸ್ವಲ್ಪ ಮುಚ್ಚಿದ್ದು ಸರಿಯಾದ ಕೆಲಸ. ಜಪಾನಿನ ಇನ್ನೊಂದು ಹೆಸರಾಂತ ಸರಣಿ ‘ಫೈನಲ್ ಫ್ಯಾಂಟಸಿ’ಯಲ್ಲಿ ಶಿವ ಎಂಬ ಹೆಸರಿರುವುದು 1990ರಿಂದಲೂ ಹಿಮದ ಹೆಣ್ಣೊಬ್ಬಳಿಗೆ. ಅದನ್ನು ಕಂಡು ಕೆಲವರಿಗೆ ಬೇಸರವೂ ಆಗಬಹುದು. ಆದರೆ ಜಪಾನಿನವರು ನಮ್ಮ ದೇವತೆಗಳನ್ನು ನಿನ್ನೆ ಮೊನ್ನೆ ಪುಸ್ತಕದಿಂದ ಹೆಕ್ಕಿಕೊಂಡವರಲ್ಲ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಬೌದ್ಧಧರ್ಮದ ಜೊತೆ ಚೀನಾ, ಕೊರಿಯಾ ದಾಟಿ ಹೋದ ಸರಸ್ವತಿ ಅಲ್ಲಿ ಬೆನ್‌ಜೈತೆನ್ ಆಗಿ, ಇಂದ್ರ ತೈಶಾಕುತೆನ್ ಆಗಿ, ಯಮ ಎನ್ಮಾ ಆಗಿ ನೆಲೆಸಿದ್ದಾರೆ. ನಾರಾ ನಗರದ ಕೊಫುಕುಜಿ ಮಂದಿರದಲ್ಲಿ 734ರಲ್ಲಿ ಮಾಡಿದ ಮೂರು ಮುಖ, ಆರು ತೋಳಿನ ಅಸುರನ ಪ್ರತಿಮೆ ಇಂದಿಗೂ ನಿಂತಿದೆ. ‘ಫೈನಲ್ ಫ್ಯಾಂಟಸಿ 4’ರಲ್ಲಿ ಬರುವ ಅಸುರಳಿಗೆ ಮೂರು ಮುಖ. ದೂರ ಹೋದ ಕಥೆ ಹೋದ ಊರಿನ ಬಣ್ಣ ಹಚ್ಚಿಕೊಳ್ಳುತ್ತದೆ. ವ್ಯಾಸರ ಕಥೆಯಲ್ಲಿಲ್ಲದ ಎಷ್ಟೋ ಪ್ರಸಂಗಗಳನ್ನು ಕೃಷ್ಣಗಿರಿಯ ಕೂತ್ತು ತನ್ನದಾಗಿ ಮಾಡಿಕೊಂಡಿಲ್ಲವೇ?

ಯುದ್ಧದ ಪುನರಾವರ್ತನೆ ಇನ್ನೊಂದು ದೂರು. ಹೆಜ್ಜೆಹೆಜ್ಜೆಗೂ ವೈರಿ, ಅದೇ ಹೊಡೆತ, ಅದೇ ಮಂತ್ರ. ನೂರು ಸಲ ಹೊಡೆದರೆ ಒಂದು ಹಂತ ಏರುತ್ತದೆ. ಇದರ ಹಿಂದೆ ಒಂದು ಉದಾರ ಯೋಚನೆಯಿದೆ. ಕೈಚಳಕ ಇಲ್ಲದವನೂ ಸಮಯ ಕೊಟ್ಟರೆ ಕೊನೆ ಮುಟ್ಟಬೇಕು ಎಂಬುದು ಹೊರಿಯಿಯ ಆಸೆಯಾಗಿತ್ತು. ಎದುರಾಳಿ ಕಾಯುತ್ತಾನೆ, ಯೋಚಿಸಿ ಮುಂದಿನ ನಡೆ ಹೇಳಬಹುದು. ತಂಡವೆಲ್ಲ ಸತ್ತರೂ ಆಟ ಮುಗಿಯುವುದಿಲ್ಲ: ಕೈಯಲ್ಲಿದ್ದ ಹಣದಲ್ಲಿ ಅರ್ಧ ಹೋಗುತ್ತದೆ, ಗಳಿಸಿದ ಅನುಭವ ಉಳಿಯುತ್ತದೆ. ಬೆರಳಿನ ವೇಗವೇ ಬಂಡವಾಳವಾದ ಆಟಗಳಲ್ಲಿ ಐವತ್ತು ದಾಟಿದವರಿಗೆ ಜಾಗವಿಲ್ಲ, ಇಲ್ಲಿ ಇದೆ. ಹಾಗೆಂದು ಎಲ್ಲ ಪುನರಾವರ್ತನೆಯನ್ನೂ ಸಮರ್ಥಿಸಲಾರೆ. 1988ರ ಆಟದಲ್ಲಿ ಕೆಲವು ಕಡೆ ಬರೀ ಬಲ ಕೂಡಿಸಲು ಗಂಟೆಗಟ್ಟಲೆ ಸುತ್ತಬೇಕಿತ್ತು. ಅದು ಕಥೆಗೂ ಸಲ್ಲುವುದಿಲ್ಲ, ಆಡುವವರಿಗೂ ಸಲ್ಲುವುದಿಲ್ಲ. ಹೊಸ ರೂಪದಲ್ಲಿ ಯುದ್ಧದ ವೇಗ ಹೆಚ್ಚಿಸಬಹುದು, ಜೊತೆಗಾರರಿಗೆ ಸ್ವತಂತ್ರವಾಗಿ ಹೋರಾಡಲು ಬಿಡಬಹುದು, ಕಷ್ಟದ ಮಟ್ಟವನ್ನೂ ಇಳಿಸಬಹುದು. ಮಾಡಿದವರೇ ಆ ದೂರನ್ನು ಅಷ್ಟರಮಟ್ಟಿಗೆ ಒಪ್ಪಿದ್ದಾರೆ.

ಅಪ್ಪ ಅಮ್ಮಂದಿರ ಚಿಂತೆ ಇದಕ್ಕಿಂತ ಆಳವಾದದ್ದು. ನಲವತ್ತು ಗಂಟೆಗೂ ಮಿಕ್ಕಿ ಬೇಡುವ ಆಟವನ್ನು ಓದುವ ಮಕ್ಕಳ ಕೈಗೆ ಕೊಡುವುದೇ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಸೇರಿದೆ. ಹಿಡಿತ ತಪ್ಪುವುದು, ಉಳಿದೆಲ್ಲ ಕೆಲಸಕ್ಕಿಂತ ಆಟವೇ ಮೇಲಾಗುವುದು, ಹಾನಿಯಾದರೂ ಬಿಡಲಾಗದಿರುವುದು ಅದರ ಲಕ್ಷಣಗಳು. ಈ ಭಯವನ್ನು ತಳ್ಳಿಹಾಕಬಾರದು. ಆದರೆ ಎಲ್ಲ ಆಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೂ ತಪ್ಪು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿ ನಿಷೇಧಿಸಿತು. ಬಿಟ್ಟಿಯಾಗಿ ಕೊಟ್ಟು, ಅದೃಷ್ಟದ ಪೆಟ್ಟಿಗೆ ತೆರೆಸುತ್ತ ಹಣ ಕೀಳುವ ಗಾಚಾ ಪದ್ಧತಿ ಜಪಾನಿನಲ್ಲೇ ಬೆಳೆದದ್ದು. ಅದರ ತೀರಾ ಕೆಟ್ಟ ಒಂದು ಬಗೆಯನ್ನು 2012ರಲ್ಲಿ ಅಲ್ಲಿನ ಗ್ರಾಹಕ ಇಲಾಖೆಯೇ ಕಾನೂನಿಗೆ ವಿರುದ್ಧ ಎಂದಿತು. ಅವುಗಳಿಗೆ ಕೊನೆಯಿಲ್ಲ, ಕೊನೆಯಿದ್ದರೆ ವ್ಯಾಪಾರ ನಿಲ್ಲುತ್ತದೆ. ‘ಡ್ರಾಗನ್ ಕ್ವೆಸ್ಟ್ 3’ ಒಮ್ಮೆ ಕೊಂಡರೆ ಮುಗಿಯಿತು, ಕಥೆಗೂ ಮಂಗಳವಿದೆ. ನಡುವೆ ಎಲ್ಲಿ ನಿಲ್ಲಿಸಿದರೂ ಎದುರಾಳಿ ಕೂಗುವುದಿಲ್ಲ, ಅಂಕ ಕಳೆಯುವುದಿಲ್ಲ. ದಿನಕ್ಕೊಂದು ಗಂಟೆ ಎಂದು ಗೊತ್ತುಮಾಡಿದರೆ ಆ ಕಟ್ಟಿಗೆ ಒಪ್ಪುವ ಆಟವಿದು. ಕೂತ್ತಿನ ಬಯಲಲ್ಲಿ ಊರೇ ಸೇರುತ್ತದೆ, ಇಲ್ಲಿ ಒಬ್ಬನೇ ಕೂರಬೇಕು ಎಂಬ ಮಾತು ಮಾತ್ರ ನಿಜ, ಅದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಜಪಾನಿನ ಮಕ್ಕಳು ಶಾಲೆಯಲ್ಲಿ ಗುಟ್ಟು ಹಂಚಿಕೊಂಡು ಆಡಿದರು. 2009ರ ‘ಡ್ರಾಗನ್ ಕ್ವೆಸ್ಟ್ 9’ ಬಂದಾಗ ಟೋಕಿಯೊದ ಅಕಿಹಬರದಲ್ಲಿ ಗುಂಪುಗೂಡಿ ನಕ್ಷೆಗಳನ್ನು ಬದಲಾಯಿಸಿಕೊಂಡರು. ನಮ್ಮ ಮನೆಗಳಲ್ಲೂ ಒಬ್ಬರು ಆಡುವಾಗ ಇನ್ನೊಬ್ಬರು ಪಕ್ಕದಲ್ಲಿ ಕೂತು ಓದಿ ಹೇಳಬಹುದು, ಹಾಗೆ ಆಡುವುದಕ್ಕೆ ಇದರ ನಿಧಾನವೇ ಅನುಕೂಲ.

ಓದಿ ಹೇಳಬೇಕೆಂದರೆ ಭಾಷೆ ಬೇಕು. ಅಲ್ಲಿಯೇ ಎಲ್ಲಕ್ಕಿಂತ ದೊಡ್ಡ ತೊಡಕು ಇರುವುದು. ಇದು ಮಾತಿನ ಆಟ. ಹಳ್ಳಿಯ ಮುದುಕಿ ಹೇಳುವ ಒಂದು ಸಾಲಿನಲ್ಲಿ ಮುಂದಿನ ದಾರಿ ಅಡಗಿರುತ್ತದೆ. ಜಪಾನಿ, ಇಂಗ್ಲಿಷ್, ಫ್ರೆಂಚ್, ಚೀನಿ, ಕೊರಿಯನ್ ಇವೆಲ್ಲ ಇರುವ ಹೊಸ ರೂಪದಲ್ಲಿ ಭಾರತದ ಒಂದು ಭಾಷೆಯೂ ಇಲ್ಲ. ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡಿ, ಬೀದಿಯಲ್ಲಿ ತಮಿಳಾಡಿ, ಶಾಲೆಯಲ್ಲಿ ಇಂಗ್ಲಿಷ್ ಕಲಿಯುವ ಮತ್ತಿಗಿರಿಯ ಮಗುವಿಗೆ ಭಾಷೆಗಳ ನಡುವೆ ಓಡಾಡುವುದು ಹೊಸದಲ್ಲ. ಆದರೂ ಇಂಗ್ಲಿಷಿನಲ್ಲಿ ಓದಿದ ಸಾರಥಿಯ ಪ್ರಶ್ನೆ ಎದೆಗೆ ತಾಕುವುದು ಕಷ್ಟ. ಮೊದಲ ಅನಿಸಿಕೆ ಸಪ್ಪೆಯಾಗುವುದಕ್ಕೆ ಆಟದ ನಿಧಾನಕ್ಕಿಂತ ಇದೇ ದೊಡ್ಡ ಕಾರಣವೆಂದು ನಾನು ಬಲವಾಗಿ ನಂಬುತ್ತೇನೆ. 1989ರಲ್ಲಿ ಮೊದಲ ಆಟ ಅಮೆರಿಕಕ್ಕೆ ಹೋದಾಗ ಅಲ್ಲಿನವರು ರಾಜನಿಗೂ ಕಾವಲುಗಾರರಿಗೂ ಹಳೆಯ ಇಂಗ್ಲಿಷಿನ ಧಾಟಿಯ ಮಾತು ಬರೆದುಕೊಟ್ಟರು, ಆಟ ಅವರದೇ ಅನ್ನಿಸಲಿ ಎಂದು. ಕನ್ನಡದಲ್ಲಿ ಅಂಥ ಧಾಟಿಗಳಿಗೆ ಬರವಿಲ್ಲ. ಬಯಲಾಟದ ರಾಜರ ಗತ್ತು, ಸಾರಥಿಯ ಚುರುಕು, ಕಂಪನಿ ನಾಟಕದ ಗಾಂಭೀರ್ಯ, ಹೊಸೂರು ಸೀಮೆಯ ತಮಿಳು ತೆಲುಗು ಬೆರೆತ ಕನ್ನಡ ಎಲ್ಲವೂ ಸಿದ್ಧವಾಗಿವೆ. ಜೀ.ಶಂ. ಪರಮಶಿವಯ್ಯನಂಥವರು ಹಳ್ಳಿ ಹಳ್ಳಿ ಸುತ್ತಿ ಮೂಡಲಪಾಯವನ್ನು ಅಧ್ಯಯನ ಮಾಡಿ ಉಳಿಸಿಕೊಟ್ಟ ಸಾಮಗ್ರಿ ಇದೆ. ಹುಡುಗರ ಆಟವೊಂದಕ್ಕೆ ಆ ಮಾತನ್ನು ಬಳಸುವುದು ಅದನ್ನು ಕೀಳಾಗಿಸಿದಂತಲ್ಲ. ಬಯಲಾಟವೂ ಆಟವೇ ಆಗಿತ್ತು.

ಹಾಗಾದರೆ ಎಷ್ಟು ಹೊತ್ತು ಕಾದು ನೋಡಬೇಕು? ಮೊದಲ ಗಂಟೆಯಲ್ಲಂತೂ ತೀರ್ಪು ಬೇಡ. ಹಡಗು ಸಿಗುವವರೆಗೆ, ಅಂದರೆ ಹೆಚ್ಚುಕಡಿಮೆ ಹತ್ತು ಗಂಟೆ ಎನ್ನುವುದು ನನ್ನ ಲೆಕ್ಕ. ಅಲ್ಲಿಯವರೆಗೆ ಕಥೆ ಕೈಹಿಡಿದು ಒಂದೇ ದಾರಿಯಲ್ಲಿ ನಡೆಸುತ್ತದೆ. ಕರಿಮೆಣಸು ಕೊಟ್ಟು ಹಡಗು ಹತ್ತಿದ ಕ್ಷಣದಿಂದ ಕೈ ಬಿಟ್ಟುಬಿಡುತ್ತದೆ: ಕಡಲೆಲ್ಲ ತೆರೆದಿದೆ, ಆರು ಮಣಿಗಳನ್ನು ಹುಡುಕಬೇಕು, ಯಾವುದು ಮೊದಲು ಎಂದು ಯಾರೂ ಹೇಳುವುದಿಲ್ಲ. ಅಲ್ಲಿ ನಿಂತು ಹಿಂದಿರುಗಿ ನೋಡಿದರೆ ಆ ಹತ್ತು ಗಂಟೆ ಪೀಠಿಕೆಯಾಗಿತ್ತೆಂದು ತಿಳಿಯುತ್ತದೆ. ಅಷ್ಟು ನಡೆದ ಮೇಲೂ ಹಿಡಿಸದಿದ್ದರೆ ಬಿಟ್ಟುಬಿಡುವುದೇ ಸರಿ, ಎಲ್ಲರಿಗೂ ಎಲ್ಲವೂ ಒಗ್ಗಬೇಕಾಗಿಲ್ಲ. ಹಿಡಿಸಿದವರಿಗೆ ಮುಂದೆ ಇನ್ನೊಂದು ತಿರುವು ಕಾದಿದೆ. ಬಾರಾಮೊಸ್ ಸತ್ತು ಅರಮನೆಯಲ್ಲಿ ಹಬ್ಬ ನಡೆಯುತ್ತಿರುವಾಗ, ಅವನನ್ನು ಕಳುಹಿಸಿದ ಜೋಮಾ ಎಂಬ ಇನ್ನೂ ದೊಡ್ಡ ಅಂಧಕಾರದ ಒಡೆಯನ ದನಿ ಕೇಳುತ್ತದೆ. ಬೆಂಗಳೂರು, ಆನೇಕಲ್ ಸೀಮೆಯ ಕರಗದ ಕಥೆಯಲ್ಲೂ ಕುರುಕ್ಷೇತ್ರ ಮುಗಿದ ಮೇಲೆ ತಿಮಿರಾಸುರನೊಬ್ಬ ಉಳಿದಿರುತ್ತಾನೆ; ದ್ರೌಪದಿ ಶಕ್ತಿಯ ರೂಪ ತಾಳಿ, ವೀರಕುಮಾರರನ್ನು ಸೃಷ್ಟಿಸಿ ಅವನನ್ನು ಕೊಲ್ಲುತ್ತಾಳೆ. ಜೋಮಾನನ್ನು ಅಟ್ಟಿಕೊಂಡು ಪಾತಾಳಕ್ಕೆ ಇಳಿದವರಿಗೆ ಅಲ್ಲಿ ಕಾಣುವುದು ಹಗಲೇ ಇಲ್ಲದ ಅಲೆಫ್‌ಗಾರ್ಡ್ ಎಂಬ ದೇಶ, 1986ರ ಮೊದಲ ಆಟ ನಡೆದ ನೆಲ. ಆ ಆಟದ ಜನ ನೆನೆಯುತ್ತಿದ್ದ ಪ್ರಾಚೀನ ವೀರ ಲೊತೊ ಬೇರೆ ಯಾರೂ ಅಲ್ಲ, ಇಷ್ಟು ಹೊತ್ತು ಆಡುತ್ತಿದ್ದವರೇ. ಕಥೆಯ ಕಾಲದಲ್ಲಿ ಮೂರನೆಯದೇ ಮೊದಲನೆಯದು. ಅದಕ್ಕೇ ಹೊಸ ರೂಪ ಕೊಡುವಾಗ ಅದನ್ನು ಮೊದಲು ತಂದು, ಒಂದು ಮತ್ತು ಎರಡನ್ನು 2025ರ ಅಕ್ಟೋಬರ್ 30ರಂದು ಒಟ್ಟಿಗೆ ಬಿಡುಗಡೆ ಮಾಡಿದರು. ಹೊಸದಾಗಿ ಆಡಲು ಕೂರುವವರು ಆ ಕ್ರಮದಲ್ಲಿಯೇ ಹೋಗುವುದು ಒಳ್ಳೆಯದು.